ಹನ್ನೆರಡು ಬೆಂಚುಗಳ ಐಕ್ಯ

ಬೀಗದಣ್ಣ ಆ ಭಾನುವಾರ ಮಾಡಿದ ತಪ್ಪು ಇಷ್ಟೇ. ಆರು ಬೆಂಚು ತಿರುಗಿಸಿದ ಮೇಲೆ, ಏಳನೆಯದರ ಮೇಲೆ ಒಂದೇ ಒಂದು ನಿಮಿಷ ಬೆನ್ನು ಚಾಚೋಣ ಅಂದುಕೊಂಡ.

ಪಾಪ, ಅವನ ಬೆನ್ನಿನ ಕಷ್ಟ ಅವನಿಗೇ ಗೊತ್ತು. ಚರ್ಚು ಒಂದೇ, ಸಭೆ ಮಾತ್ರ ಎರಡು. ಬೆಳಿಗ್ಗೆ ಏಳಕ್ಕೆ ಬರುವವರು ಏಳರವರು, ಹತ್ತಕ್ಕೆ ಬರುವವರು ಹತ್ತರವರು. ಕಟ್ಟಡ ಏಳರವರದು. ತಮ್ಮ ಚರ್ಚಿನ ಸೂರು ಕುಸಿದಾಗ ಹತ್ತರವರು, 'ಮೂರು ತಿಂಗಳ ಮಟ್ಟಿಗೆ ಜಾಗ ಕೊಡಿ' ಅಂತ ಬಂದರು. ಆ ಮೂರು ತಿಂಗಳು ಮುಗಿಯದೆ ಮೂವತ್ತು ವರ್ಷವಾಗಿತ್ತು. ಏಳರವರ ಪೀಠ ಪೂರ್ವದ ಗೋಡೆಗಿತ್ತು. ಅದರ ಕಡೆ ಮುಖ ಮಾಡಿ ಕೂರಲು ಹತ್ತರವರ ಮನಸ್ಸು ಒಪ್ಪಲಿಲ್ಲ. ತಮ್ಮದೊಂದು ಪೀಠವನ್ನು ಪಶ್ಚಿಮದ ಗೋಡೆಗೆ ಹಾಕಿಕೊಂಡರು. ಹಾಗಾಗಿ ಎರಡು ಪ್ರಾರ್ಥನೆಗಳ ನಡುವೆ ಹನ್ನೆರಡು ಉದ್ದುದ್ದ ಬೆಂಚುಗಳನ್ನೂ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಬೇಕು. ಶನಿವಾರ ಮತ್ತೆ ಪಶ್ಚಿಮದಿಂದ ಪೂರ್ವಕ್ಕೆ. ದೇವರು ಎಲ್ಲ ದಿಕ್ಕಿನಲ್ಲೂ ಇದ್ದಾನೆ ಅನ್ನುವುದರಲ್ಲಿ ಎರಡೂ ಸಭೆಯವರಿಗೆ ಅನುಮಾನವಿರಲಿಲ್ಲ. ಬೆಂಚಿನ ವಿಷಯ ಬೇರೆ.

ಬೀಗದ ಕೈ, ಗಂಟೆ, ಬೆಂಚು ಮೂರೂ ನೋಡಿಕೊಳ್ಳುತ್ತಿದ್ದ ಬೀಗದಣ್ಣ ಹತ್ತರವನು. ಅವನ ಹೆಂಡತಿ ಏಳರವಳು. ಅವರ ಮದುವೆಗೂ ಅವತ್ತಿಗೆ ಸರಿಯಾಗಿ ಮೂವತ್ತು ವರ್ಷ. ಜಗಳ ಯಾಕೆ ಅಂತ ಒಂದೇ ದಿನ ಎರಡು ಸಲ ಮದುವೆಯಾಗಿದ್ದರು, ಪೂರ್ವಕ್ಕೆ ಮುಖ ಮಾಡಿ ಒಂದು ಸಲ, ಪಶ್ಚಿಮಕ್ಕೆ ಮುಖ ಮಾಡಿ ಇನ್ನೊಂದು ಸಲ. ಎರಡು ಸಲವೂ ನಿಂತೇ ಇದ್ದರು. ಅಲ್ಲಿಂದ ಈಚೆಗೆ ಒಂದು ದಿನವೂ ಚರ್ಚಿನಲ್ಲಿ ಅಕ್ಕಪಕ್ಕ ಕೂತಿಲ್ಲ. ಇನ್ನೊಂದು ಸಭೆಯ ಪ್ರಾರ್ಥನೆಗೆ ಕೂತವರ ಹೆಸರನ್ನು ಪಟ್ಟಿಯಿಂದ ತೆಗೆಯುವುದಾಗಿ ಎರಡೂ ಕಡೆ ಕಟ್ಟುನಿಟ್ಟು. ಅವಳು ಒಳಗಿದ್ದಾಗ ಇವನು ಬಾಗಿಲಾಚೆ, ಇವನು ಒಳಗೆ ಕೂರುವ ಹೊತ್ತಿಗೆ ಅವಳು ಮನೆಯಲ್ಲಿ ಒಲೆ ಮುಂದೆ.

ಅವತ್ತು ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಾ ಕೇಳಿದ್ದಳು, "ರೀ, ನಿಮ್ಮ ಪಕ್ಕ ಕೂತು ಒಂದು ಸಲ 'ಆಮೆನ್' ಅನ್ನೋದು ಈ ಜನ್ಮದಲ್ಲಿ ಇದೆಯೋ ಇಲ್ಲವೋ?"

"ನಿಮ್ಮವರೂ ನಮ್ಮವರೂ ಒಂದಾದರೆ ಆಗಬಹುದು ಕಣೆ."

"ಸರಿ ಹಾಗಾದ್ರೆ, ಆಸೆ ಬಿಟ್ಟೆ," ಅಂದು ಅವಳು ಬಾಚಣಿಗೆ ಇಟ್ಟಳು. ನಗುತ್ತಲೇ ಅಂದಿದ್ದಳು. ಆದರೂ ಆ ಮಾತು ಬೀಗದಣ್ಣನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದಿತ್ತು.

ಅದನ್ನೇ ಯೋಚಿಸುತ್ತಾ ಏಳನೆಯ ಬೆಂಚಿನ ಮೇಲೆ ಮಲಗಿದ. ಬಣ್ಣದ ಗಾಜಿನಿಂದ ಇಳಿದ ಬಿಸಿಲು ಅವನ ಅಂಗಿಯ ಮೇಲೆ ನೀಲಿಯಾಗಿ, ಕೆಂಪಾಗಿ ಹರಡಿತು. ಹೊರಗೆ ಅಂಗಳದಲ್ಲಿ ಏಳರವರು ಟೀ ಕುಡಿಯುತ್ತಾ ಹರಟುವ ಸದ್ದು ಮೆಲ್ಲಗೆ ದೂರ ಸರಿಯಿತು. ಕಣ್ಣು ಮುಚ್ಚಿದರೆ ಸ್ವರ್ಗವೇ ಬಂತು. ಗೋಡೆಯೇ ಇಲ್ಲದ ಒಂದು ಹಜಾರ. ಬಾಗಿಲಲ್ಲಿ ಒಬ್ಬ ಮುದುಕ, ಸೊಂಟದಲ್ಲಿ ಬೀಗದ ಕೈ ಗೊಂಚಲು.

"ನಿಮ್ಮಲ್ಲಿ ಬೆಂಚು ಯಾವ ಕಡೆಗಣ್ಣಾ?" ಅಂತ ಕೇಳಿದ ಬೀಗದಣ್ಣ.

"ಯಾವ ಕಡೆ ಕೂತರೂ ಅವನು ಎದುರಿಗೇ ಕಾಣ್ತಾನೆ ಮಾರಾಯ. ನನಗೆ ಕೆಲಸವೇ ಇಲ್ಲ," ಅಂದ ಮುದುಕ ಆಕಳಿಸುತ್ತಾ.

ಒಳಗೆ ಒಂದೇ ಬೆಂಚು. ಅದರ ಮೇಲೆ ಅವನ ಹೆಂಡತಿ. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ, ಬನ್ನಿ ಅಂತ ಕರೆದಳು. ಬೀಗದಣ್ಣ ಹೋದ, ಬಾಗಿದ, ಇನ್ನೇನು ಕೂರಬೇಕು...

"ಬೀಗದಣ್ಣಾ! ಏನ್ರೀ ಇದು ಅವಾಂತರ?"

ಎದುರಿಗೆ ನಿವೃತ್ತ ಹೆಡ್‌ಮಾಸ್ಟರು, ಹತ್ತರವರ ಹಿರಿಯರು. ಬೀಗದಣ್ಣ ಧಡಕ್ಕನೆ ಎದ್ದು ನೋಡಿದ. ತಿರುಗಿಸಿದ ಆರು ಬೆಂಚಿನಲ್ಲಿ ಹತ್ತರವರು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದಾರೆ. ಗದ್ದಲ ಕೇಳಿ ಅಂಗಳದಿಂದ ಒಳಗೆ ಬಂದ ಏಳರವರು, ನಮ್ಮ ಬೆಂಚು ನಮ್ಮ ಕಡೆಗೇ ಇದೆಯಲ್ಲ ಅಂತ, ತಿರುಗಿಸದೆ ಬಿಟ್ಟ ಬೆಂಚುಗಳಲ್ಲಿ ಕೂತಿದ್ದಾರೆ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಮಾತುಕತೆಗೆ ಕೂತ ಹಾಗಿತ್ತು, ಮೊಣಕಾಲಿಗೆ ಮೊಣಕಾಲು.

"ನಿದ್ದೆ ಮಾಡೋಕೆ ಇದೇನು ಛತ್ರವಾ?" ಅಂದರು ಹೆಡ್‌ಮಾಸ್ಟರು.

"ನಮ್ಮ ಬೆಂಚಿನ ಮೇಲೇ ಮಲಗಿದ್ದಾನೆ ನೋಡಿ," ಅಂದ ಏಳರವರ ಹಿರಿಯ, ದರ್ಜಿ.

ಬೀಗದಣ್ಣನಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಕಣ್ಣಲ್ಲಿ ಆ ಹಜಾರವೇ ಇತ್ತು. ಅದೇ ಗುಂಗಿನಲ್ಲಿ ಅಂದುಬಿಟ್ಟ, "ಹೇಗಿದ್ರೂ ಎದುರುಬದುರು ಕೂತಿದೀರಲ್ಲ. ಒಂದಾಗಿಬಿಡಿ, ಅತ್ಲಾಗೆ."

ಎಲ್ಲರೂ ಅವನ ಕಡೆ ತಿರುಗಿದರು. ಅಷ್ಟರಲ್ಲಿ ಏಳರವರ ವಯಸ್ಸಾದ ಪಾದ್ರಿ, ಅಯ್ಯನವರು, ಕಿಸಕ್ಕನೆ ನಕ್ಕರು. "ತಪ್ಪೇನು ಹೇಳಿದ? ಒಬ್ಬನೇ ದೇವರು, ಅವನ ಮನೇನ ಫ್ಯಾಕ್ಟರಿ ಹಾಗೆ ಎರಡು ಪಾಳಿಯಲ್ಲಿ ನಡೆಸ್ತಾ ಇದೀವಿ. ನಂಗಂತೂ ನಾಚಿಕೆ ಆಗುತ್ತಪ್ಪ."

"ಆಗಬಾರದು ಅಂತ ಯಾರು ಅಂದ್ರು ಅಯ್ಯನವರೇ? ಆದರೆ ಹೇಗೆ ಅಂತ?" ಹೆಡ್‌ಮಾಸ್ಟರು ಕನ್ನಡಕ ಏರಿಸಿದರು. "ದೀಕ್ಷಾಸ್ನಾನ ಅಂತ ನೀವು ಮಗುವಿನ ಹಣೆಗೆ ನಾಲ್ಕು ಹನಿ ಚಿಮುಕಿಸ್ತೀರಿ. ನಾವು ಬುದ್ಧಿ ಬಂದವರನ್ನ ಪೂರ್ತಿ ಮುಳುಗಿಸ್ತೀವಿ."

"ಚಿಮುಕಿಸಿಕೊಂಡವರು ನಾವೇನು ಒಣಗಿ ಹೋಗಿದೀವಾ?" ಅಂದ ದರ್ಜಿ. "ಈ ಭೇದ ಅನ್ನೋದು ಬರೀ ಹಟ ಅಲ್ಲ ಮೇಷ್ಟ್ರೇ. ನಮ್ಮಜ್ಜಿ ಮೊಣಕಾಲೂರಿ ಸತ್ತಳು. ನಾಳೆ ನಿಂತು ಪ್ರಾರ್ಥನೆ ಮಾಡು ಅಂದ್ರೆ, ಅವಳಿಗೆ ಬೆನ್ನು ತಿರುಗಿಸಿದ ಹಾಗಾಗುತ್ತೆ ನನಗೆ."

ಆ ಮಾತಿಗೆ ಹೆಡ್‌ಮಾಸ್ಟರ ದನಿಯೂ ತಗ್ಗಿತು. "ನಮ್ಮಪ್ಪ ನಿಂತೇ ಪ್ರಾರ್ಥಿಸ್ತಿದ್ರು. ಕಾಲು ಊದಿದ್ರೂ ಕೂರ್ತಿರಲಿಲ್ಲ," ಅಂದರು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಮೂವತ್ತು ವರ್ಷ ಬರೀ ಬೆನ್ನು ನೋಡಿಕೊಂಡು ಹೋಗಿಬಂದವರು ಮೊದಲ ಸಲ ಹತ್ತಿರದಿಂದ ಮುಖ ನೋಡುತ್ತಿದ್ದರು. ಬಿಸಿಲಿನ ಬಣ್ಣ ಎಲ್ಲರ ಮೇಲೂ ಬಿದ್ದಿತ್ತು. ಬೀಗದಣ್ಣನಿಗೆ ತಾನು ಎದ್ದಿದ್ದೇನೋ ಇನ್ನೂ ಮಲಗಿದ್ದೇನೋ ಅಂತ ಗುಮಾನಿಯಾಯಿತು.

ಆಮೇಲೆ ಕೊಡುವುದು ಬಿಡುವುದು ಶುರುವಾಯಿತು ನೋಡಿ. ಚಿಮುಕಿಸುವುದೋ ಮುಳುಗಿಸುವುದೋ, ಅವರವರ ಮನೆಯವರಿಗೆ ಬಿಟ್ಟಿದ್ದು. ಮೊಣಕಾಲು ಗಟ್ಟಿ ಇದ್ದವರು ಊರಲಿ, ಉಳಿದವರು ನಿಲ್ಲಲಿ. ಹೊತ್ತು ಒಂಬತ್ತಕ್ಕೆ. ಹಾಡು ಒಂದು ವಾರ ಇವರದು, ಒಂದು ವಾರ ಅವರದು. ಬೆಂಚು ಪೂರ್ವಕ್ಕೇ ಇರಲಿ, ಕಟ್ಟಡ ಏಳರವರದಲ್ಲವೇ. ಅದಕ್ಕೆ ಹತ್ತರವರ ಅಯ್ಯನವರೂ ತಲೆಯಾಡಿಸಿದರು.

ಹೆಡ್‌ಮಾಸ್ಟರು ಮಾತ್ರ ಬೆರಳೆತ್ತಿದರು. "ದಿಕ್ಕು ಬಿಟ್ಟುಕೊಟ್ವಿ, ಹೊತ್ತು ಬಿಟ್ಟುಕೊಟ್ವಿ. ನಮ್ಮದೂ ಅಂತ ಒಂದಾದ್ರೂ ಉಳೀಬೇಕು. ನಮ್ಮ ಹಳೇ ಕಟ್ಟಡದಲ್ಲಿ ಒಂದು ಪದ್ಧತಿ ಇತ್ತು..."

"ಅಯ್ಯೋ, ಯಾವ ಪದ್ಧತಿಯಾದ್ರೂ ಆಗ್ಲಿ, ಕೊಟ್ಟುಬಿಡಿ!" ಬೀಗದಣ್ಣ ದರ್ಜಿಯ ಎರಡೂ ಕೈ ಹಿಡಿದುಕೊಂಡ. "ಇಷ್ಟು ದೂರ ಬಂದು ಒಂದಕ್ಕೋಸ್ಕರ ಮುರೀಬೇಡಿ. ನಿಮ್ಮ ದಮ್ಮಯ್ಯ!" ಅಂದವನೇ ಉತ್ತರಕ್ಕೂ ಕಾಯದೆ ಮನೆಗೆ ಓಡಿದ.

"ಬಾರೆ, ಬೇಗ ಬಾ! ಒಂದಾದ್ರು!"

"ಯಾರು?"

"ನಿಮ್ಮವರು, ನಮ್ಮವರು! ಇವತ್ತಿಂದ ನೀನೂ ನಾನೂ ಒಂದೇ ಬೆಂಚು!"

ಅವಳು ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. "ಸ್ವರ್ಗಕ್ಕೇ ಕರೆದ್ರೂ ಒಲೆ ಆರಿಸಿ ಬರಬೇಕಲ್ಲ, ಇರಿ," ಅಂದು ಒಲೆ ಆರಿಸಿ, ಕೈ ಒರೆಸಿಕೊಂಡು, ಕನ್ನಡಿ ಮುಂದೆ ಒಂದು ಕ್ಷಣ ನಿಂತಳು. ಬೀದಿಯಲ್ಲಿ ಅವನ ತೋಳು ಹಿಡಿದು ನಡೆದಳು. ಬೀಗದಣ್ಣನಿಗೆ ನೆಲ ಕಾಲಿಗೆ ತಾಗುತ್ತಲೇ ಇರಲಿಲ್ಲ.

ಚರ್ಚಿನೊಳಗೆ ಚಪ್ಪಾಳೆ. ದರ್ಜಿಯೂ ಹೆಡ್‌ಮಾಸ್ಟರೂ ತಬ್ಬಿಕೊಂಡು ನಿಂತಿದ್ದರು. "ಬಂದ್ರಾ! ನಿಮ್ಮಿಂದಲೇ ಆಯ್ತು ಬೀಗದಣ್ಣಾ," ಅಂದರು ಹೆಡ್‌ಮಾಸ್ಟರು, ಕಣ್ಣು ಒದ್ದೆ ಮಾಡಿಕೊಂಡು. "ಇನ್ನು ಬೆಂಚು ತಿರುಗಿಸೋ ಹಾಗಿಲ್ಲ. ನಮ್ಮ ಪದ್ಧತೀನೂ ನೀವು ಹೇಳಿದ ಹಾಗೇ ಮರುಮಾತಿಲ್ಲದೆ ಒಪ್ಕೊಂಡ್ರು."

"ಯಾವ ಪದ್ಧತಿ ಮೇಷ್ಟ್ರೇ?"

"ಅದೇರೀ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಅಗಲವಾದ ದಾರಿ. ಇಲ್ಲಿನ ಬೆಂಚು ಉದ್ದ, ನಡುವೆ ದಾರಿ ಬಿಡೋಕಾಗಲ್ಲ ಅಂತ ಇಷ್ಟು ವರ್ಷ ಕೈಬಿಟ್ಟಿದ್ವಿ."

ಬೀಗದಣ್ಣ ಹೆಂಡತಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಅವಳ ಕೈ ಅವನ ತೋಳಿನಿಂದ ಮೆಲ್ಲಗೆ ಜಾರಿದ್ದು ಮಾತ್ರ ಗೊತ್ತಾಯಿತು.

ಪಕ್ಕದ ಬೀದಿಯ ಬಡಗಿ ಆಗಲೇ ಗರಗಸ ಹಿಡಿದು ಬಂದಿದ್ದ. ಭಾನುವಾರ ಕೆಲಸ ಮಾಡಬಹುದೇ ಅಂತ ಯಾರೋ ರಾಗ ಎಳೆದರು. "ಇದು ಕೆಲಸ ಅಲ್ಲಪ್ಪ, ಐಕ್ಯ! ನಾಳೆಗೆ ಬಿಟ್ಟರೆ ಯಾರ ಮನಸ್ಸು ಹೇಗಿರುತ್ತೋ," ಅಂದರು ಹೆಡ್‌ಮಾಸ್ಟರು. ಬಡಗಿ ಮೊದಲನೇ ಬೆಂಚಿನ ನಡುಮಧ್ಯಕ್ಕೆ ಗೀಟು ಹಾಕಿ, ಕೆಳಗೆ ಒಂದು ಪೆಟ್ಟಿಗೆಯ ಆಸರೆ ಕೊಟ್ಟು, ಗರಗಸ ಇಟ್ಟ. ಬೆಂಚು ಗಡಗಡ ಅಲುಗಿತು.

"ಈ ತುದಿಗೊಬ್ಬರು ಆ ತುದಿಗೊಬ್ಬರು ಕೂತ್ಕೊಳ್ಳಿ ಯಾರಾದ್ರೂ. ಭಾರ ಬೇಕು."

ಎಲ್ಲರೂ ಒಳ್ಳೆಯ ಬಟ್ಟೆಯಲ್ಲಿದ್ದರು. ಮರದ ಪುಡಿ ಯಾರಿಗೆ ಬೇಕು? ಎಲ್ಲರ ಕಣ್ಣೂ ಬೀಗದಣ್ಣನ ಮೇಲೆ ಬಿತ್ತು. ಅವನು ಹೋಗಿ ಒಂದು ತುದಿಯಲ್ಲಿ ಕೂತ. ಹೆಂಡತಿ ಬಂದು ಇನ್ನೊಂದು ತುದಿಯಲ್ಲಿ ಕೂತಳು. ಸುತ್ತ ನಿಂತ ಸಭೆ ಹಾಡು ಎತ್ತಿತು, ಅರ್ಧ ಜನ ವೇಗವಾಗಿ, ಅರ್ಧ ಜನ ನಿಧಾನವಾಗಿ. ಇಬ್ಬರ ನಡುವೆ ಗರಗಸ ಗರಗರ ಅನ್ನತೊಡಗಿತು. ಬಣ್ಣದ ಬಿಸಿಲಿನಲ್ಲಿ ಮರದ ಪುಡಿ ತೇಲಿ ಇಬ್ಬರ ತಲೆಯ ಮೇಲೂ ಇಳಿಯಿತು.

ಬಡಗಿಯ ಬೆನ್ನಿನ ಆಚೆಯಿಂದ ಅವಳು ಬಗ್ಗಿ ನೋಡಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ರೀ, ಅಂತೂ ಕೂತ್ವಲ್ಲ."

ಬೀಗದಣ್ಣ ಬಡಗಿಯ ಹೆಗಲು ತಟ್ಟಿದ. "ಇಂಥವು ಇನ್ನೂ ಹನ್ನೊಂದು ಇವೆಯಲ್ವಾ?"

"ಹೂಂ. ಸಂಜೆಯೊಳಗೆ ಮುಗಿಸಿಬಿಡ್ತೀನಿ ಬಿಡಿ."

"ಬೇಡಪ್ಪ," ಅಂದ ಬೀಗದಣ್ಣ. "ನಿಧಾನಕ್ಕೆ ಕೊಯ್ಯಿ."