ಖಾಲಿ ಕೊಡಬಾರದ ಹಸಿರು ಬಟ್ಟಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೆಯ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು, ಮಾತನ್ನು ಚಂದ ಮಾಡಿ ಹೇಳಲೂ ಬರುವುದಿಲ್ಲ. ಎರಡು ಸಲ ಬರೆದು ಹರಿದು ಹಾಕಿ ಇದು ಮೂರನೆಯ ಸಲ. ಆದರೆ ನನ್ನ ಅಪ್ಪನ ತಮ್ಮ ಬಕ್ಕಪ್ಪ ಕಾಕಾ ಒಂದು ಬಟ್ಟಲಿಗಾಗಿ ಈ ಎಂಟು ದಿನ ಪಟ್ಟ ಪಾಡನ್ನು ಅವರ ಮನೆಯಲ್ಲೇ ಇದ್ದು ನೋಡಿದ್ದೇನೆ. ನನಗೆ ಕಾಣದೆ ಅವರ ಹೊಟ್ಟೆಯೊಳಗೆ ನಡೆದದ್ದನ್ನು ಅವರೇ ಬಸ್ಸಿನಲ್ಲಿ ಹೇಳಿಕೊಂಡರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹುಮನಾಬಾದಿನಲ್ಲಿ ಕಾಕಾನದು ಬಟ್ಟೆ ಅಂಗಡಿ. ಖೋಟಾ ನೋಟು ಹಿಡಿಯಲೆಂದು ಅವರು ನೇರಳೆ ಬೆಳಕಿನ ಒಂದು ಪುಟ್ಟ ಟಾರ್ಚು ತಂದಿದ್ದರು. ಅದು ಇಂದಿನವರೆಗೆ ಒಂದೂ ಖೋಟಾ ನೋಟು ಹಿಡಿದಿಲ್ಲ. ಹಿಡಿದದ್ದು ಕಾಕಾನನ್ನೇ. ಒಂದು ಸಂಜೆ ಕರೆಂಟು ಹೋದಾಗ ಅದನ್ನು ಹಚ್ಚಿಕೊಂಡು ಅಡುಗೆ ಮನೆಗೆ ಬಂದರೆ, ಅಜ್ಜಿಯ ಕಾಲದ ಹಸಿರು ಗಾಜಿನ ಉಪ್ಪಿನ ಬಟ್ಟಲು ಸಾವಿರ ಮಿಂಚುಹುಳ ನುಂಗಿದಂತೆ ಹೊಳೆಯಿತು. ಮೊಬೈಲಿನಲ್ಲಿ ಹುಡುಕಿದರು. ಗಾಜಿಗೆ ಚೂರು ಯುರೇನಿಯಂ ಬೆರೆಸಿ ಹಿಂದಿನ ಕಾಲದಲ್ಲಿ ವಿಲಾಯತಿಯಲ್ಲಿ ಮಾಡುತ್ತಿದ್ದ ಸಾಮಾನಂತೆ ಅದು. ಹಗಲಿನಲ್ಲಿ ಬರೀ ಹಸಿರು, ನೇರಳೆ ಬೆಳಕಿಗೆ ಮಾತ್ರ ಅವತಾರ. ಇಂಥದ್ದನ್ನು ಕೂಡಿಸುವ ಹುಚ್ಚರು ದೇಶದೇಶಗಳಲ್ಲಿದ್ದಾರಂತೆ.

ಕಾಕಾ ಅಲ್ಲೇ ನಿಂತು ಪ್ರತಿಜ್ಞೆ ಮಾಡಿದರು. "ಬೀದರ ಜಿಲ್ಲಾದಾಗ ಇಂಥಾ ಗಾಜು ಎಲ್ಲೇ ಇರಲಿ, ಅದರ ಕಡೀ ಸ್ಟಾಪು ಈ ಬಕ್ಕಪ್ಪನ ಕಪಾಟು!"

ಒಂದು ವರ್ಷದಲ್ಲಿ ಹನ್ನೊಂದು ಸಾಮಾನು ಕೂಡಿದವು. ಅತ್ತರಿನ ಶೀಸೆ, ಹಿಡಿ ಮುರಿದ ಜಗ್ಗು, ಜೋಡಿ ತಪ್ಪಿದ ತಟ್ಟೆ. ಅಡ್ಡಿಯಾದದ್ದು ಕಾಕಾನ ಹೆಂಡತಿ, ನಮ್ಮ ಸರುಬಾಯಿ ಕಾಕುವಿಗೆ ಯುರೇನಿಯಂ ಅಂದರೇನೆಂದು ತಿಳಿದ ದಿನ.

"ಅಣುಬಾಂಬ್ ಮಾಡೋ ಸಾಮಾನು ಕಪಾಟಿನ್ಯಾಗ ಇಟ್ಟು, ಗ್ಯಾಸ್ ಬಂದ್ ಮಾಡಿದಿ ಇಲ್ಲೋ ಅಂತ ದಿನಾ ನನ್ನ ಕೇಳ್ತೀರಿ?" ಎಂದು ಅವರು ಅಡುಗೆ ಮನೆಯಿಂದಲೇ ಕೇಳಿದರು.

ಗಾಜಿನಲ್ಲಿರುವುದು ಎಳ್ಳಿನಷ್ಟು ಮಾತ್ರ, ಏನೂ ಆಗುವುದಿಲ್ಲ ಎಂದು ಕಾಕಾ ಎರಡು ತಿಂಗಳು ಪುರಾಣ ಹೇಳಿದರು. ಕಡೆಗೆ ಆ ತಟ್ಟೆಯಲ್ಲೇ ಮೊಸರು ಹಾಕಿಸಿಕೊಂಡು, ನಮ್ಮೆಲ್ಲರ ಮುಂದೆ ಬೆರಳು ಚೀಪಿ ಉಂಡು ತೋರಿಸಿದರು. ಕಾಕು ನಂಬಿದರು. ಕಾಕಾನ ಬಾಳಿನಲ್ಲಿ ಹೆಂಡತಿ ನಂಬಿದ ಮೊದಲ ಮಾತು ಅದು. ಅದೇ ಮುಳುವಾಯಿತು.

ಬಸವಕಲ್ಯಾಣದಲ್ಲಿ ಗುಲಾಮ್ ರಸೂಲ್ ಎಂಬ ಹಿರಿಯರಿದ್ದಾರೆ. ಕೋಟೆಯ ಹತ್ತಿರದ ಗಲ್ಲಿಯಲ್ಲಿ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರ ಮನೆಯಲ್ಲಿ ಬಳ್ಳಿ ಕೊರೆದ ಒಂದು ಹಸಿರು ಬಟ್ಟಲಿತ್ತು. ಅಂಥದ್ದನ್ನು ಕಾಕಾ ಮೊಬೈಲಿನಲ್ಲೂ ಕಂಡಿರಲಿಲ್ಲ. ಕೊಡಿರೆಂದು ಆರು ಸಲ ಹೋಗಿ ಅಂಗಲಾಚಿದರು. ತಾಯಿಯದು, ಮಾರುವುದಿಲ್ಲ ಎಂದು ಆರು ಸಲವೂ ಅವರು ಚಹಾ ಕುಡಿಸಿ ಕಳಿಸಿದರು. ಏಳನೆಯ ಸಲ ಅದೇನು ಕರುಣೆ ಬಂತೋ, ಫೋಟೋ ತೆಗೆದುಕೊಳ್ಳಲು ಎಂಟು ದಿನ ಕೊಟ್ಟರು. ಕಾಗದವಿಲ್ಲ, ಸಾಕ್ಷಿಯಿಲ್ಲ.

"ನಿನ್ನ ಮುಖಾ ನೋಡಿ ಕೊಡಾಕತ್ತೀನಿ ಬಕ್ಕಪ್ಪಾ. ಮುಂದಿನ ಶುಕ್ರವಾರ ನಮಾಜ್ ಮುಗಿಸಿ ದಾರಿ ನೋಡ್ತೀನಿ."

ಕಾಕಾ ಅದನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದರು. ಕಪಾಟಿಗೆ ಬೀಗ ಜಡಿದು, ಯಾರಿಗೂ ಸಿಗದಿರಲೆಂದು ಕೀಲಿಯನ್ನು ಪೂಜೆಯ ಜಗಲಿಯ ಮೇಲೆ ದೇವರ ಫೋಟೋದ ಹಿಂದೆ ಬಚ್ಚಿಟ್ಟರು. ದಿನಾ ಬೆಳಿಗ್ಗೆ ಆ ಫೋಟೋ ಒರೆಸಿ ಹೂವು ಏರಿಸುವವರು ಕಾಕು.

ಮೂರನೆಯ ದಿನಕ್ಕೇ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ನಮ್ಮ ಕಡೆ ಎಳ್ಳಮಾಸಿಗೆ ಭಜ್ಜಿ ಪಲ್ಯ ಮಾಡದ ಮನೆಯಿಲ್ಲ. ಹಸಿ ಕಡಲೆ, ತೊಗರಿ, ಅವರೆ, ಕೈಗೆ ಸಿಕ್ಕ ಸೊಪ್ಪು ಎಲ್ಲ ಹಾಕಿ ಹಿಂದಿನ ದಿನವೇ ಕುದಿಸಿ ಆರಿಸಿಡುತ್ತಾರೆ. ಓಣಿಯ ಹದಿನಾಲ್ಕು ಮನೆಗೆ ಕಳಿಸಬೇಕು. ಹದಿಮೂರು ಮನೆಗೆ ಸ್ಟೀಲಿನ ಬಟ್ಟಲು ಸಾಕಾದವು. ಹದಿನಾಲ್ಕನೆಯದು, ಪಕ್ಕದ ಮನೆಯ ಜೈನಬಿಯವರಿಗೆ, ಕಡಿಮೆ ಬಿತ್ತು.

ಸಂಜೆ ಕಾಕಾ ಬೀಗ ತೆಗೆದು ನೋಡಿದರು. ಕಪಾಟಿನ ನಡುವೆ ಬಟ್ಟಲಿನಷ್ಟೇ ದುಂಡಗಿನ ಖಾಲಿ ಜಾಗವಿತ್ತು. ಕೈಯಿಂದ ಆ ಜಾಗವನ್ನು ಸವರಿ ಸವರಿ ನೋಡಿದರು.

"ಯಾಕ, ಏನಾತು? ಏನೂ ಆಗಂಗಿಲ್ಲಂತ ನೀವೇ ಮೊಸರು ಉಂಡು ತೋರಿಸಿದ್ರಲ್ಲ?" ಎಂದರು ಕಾಕು.

ಹೋಗಿ ಕೇಳಿ ತರಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಆಗದು. ತಿನಿಸು ಹಾಕಿ ಕೊಟ್ಟ ಬಟ್ಟಲನ್ನು ಯಾರೂ ಕೇಳಿ ತರುವುದಿಲ್ಲ, ಪಡೆದವರು ಖಾಲಿ ಮರಳಿಸುವುದೂ ಇಲ್ಲ. ಅವರ ಮನೆಯಲ್ಲಿ ಒಳ್ಳೆಯದೇನಾದರೂ ಮಾಡಿದ ದಿನ, ತುಂಬಿಕೊಂಡೇ ಅದು ಬರಬೇಕು. ಮುಂಚೆಯೇ ಕೇಳಿದರೆ "ನಮಗಿನ್ನೂ ಏನೂ ಕಳಿಸಿಲ್ಲವಲ್ಲ" ಎಂದು ಹಂಗಿಸಿದಂತೆ. ಮೂವತ್ತು ವರ್ಷದ ನೆರೆ ಕೆಡಿಸಿದರೆ ನಾನು ತವರಿಗೆ ಹೋಗುತ್ತೇನೆ ಎಂದು ಕಾಕು ಹೇಳಿಬಿಟ್ಟರು.

ಹೀಗಾಗಿ ಕಾಕಾ ಕೇಳದೆ ಕೇಳುವ ದಾರಿ ಹುಡುಕಿದರು. ಸೋಮವಾರ ಜೈನಬಿಯವರ ಮನೆಗೆ ಹೋಗಿ ಸಣ್ಣ ಸೂಜಿ ಇದೆಯೇ ಎಂದು ಕೇಳಿದರು. ಬಟ್ಟೆ ಅಂಗಡಿಯವರು ಸೂಜಿಗೆ ಬಂದರಲ್ಲ ಎಂದು ಆಕೆ ಆಶ್ಚರ್ಯಪಟ್ಟು ಚಹಾ ಕೊಟ್ಟರು. ಮಂಗಳವಾರ ಖೀರು ಮಾಡುವುದು ಹೇಗೆ ಎಂದು ವಿಚಾರಿಸಿದರು, ಅದನ್ನು ಕೇಳಿಯಾದರೂ ಆಕೆಗೆ ಖೀರು ಮಾಡುವ ಮನಸ್ಸು ಬರಲೆಂದು. ಆಕೆ ವಿಧಾನವನ್ನೆಲ್ಲ ಹೇಳಿ ಮತ್ತೆ ಚಹಾ ಕೊಟ್ಟರು. ಬುಧವಾರ ಹೋದರೆ ಬಾಗಿಲಿಗೆ ಬೀಗ. ಬಸವಕಲ್ಯಾಣದಲ್ಲಿರುವ ಮಗಳು ವಹೀದಾ ಹಡೆದಿದ್ದಳು. ಜೈನಬಿ ಬಾಣಂತನಕ್ಕೆ ಹೋಗುವಾಗ ಹಸಿರು ಬಟ್ಟಲಿನಲ್ಲಿ ಅಂಟಿನುಂಡೆ ತುಂಬಿ ಬಟ್ಟೆ ಕಟ್ಟಿಕೊಂಡು ಹೋದರೆಂದು ಓಣಿಯವರು ಹೇಳಿದರು.

ಗುರುವಾರ ಕಾಕಾ ಊಟ ಬಿಟ್ಟರು. ಅಂಗಡಿಯಲ್ಲಿ ಐದು ಮೀಟರು ಕೇಳಿದವರಿಗೆ ಮೂರು ಮೀಟರು ಹರಿದು ಕೊಟ್ಟರು.

ಶುಕ್ರವಾರ ಬೆಳಿಗ್ಗೆ, ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನಡೆದದ್ದನ್ನೆಲ್ಲ ಹೇಳಿಕೊಂಡು ಮತ್ತೆ ಮತ್ತೆ ಒಂದೇ ಮಾತಿಗೆ ಬರುತ್ತಿದ್ದರು. ಬಟ್ಟಲು ಹೋದರೆ ಹೋಗಲಿ, ಮುಖ ನೋಡಿ ಕೊಟ್ಟ ಮನುಷ್ಯನಿಗೆ ಯಾವ ಮುಖ ತೋರಿಸಲಿ?

ವಹೀದಾಳ ಮನೆಯ ಅಡುಗೆ ಕಟ್ಟೆಯ ಮೇಲೆ, ತಣ್ಣೀರಿನಲ್ಲಿ ಈಗಷ್ಟೇ ತೊಳೆದು ಬೋರಲು ಹಾಕಿದ್ದ ಬಟ್ಟಲನ್ನು ನಾನೇ ಮೊದಲು ಕಂಡೆ. ಕಾಕಾ ಜೇಬಿನಿಂದ ಟಾರ್ಚು ತೆಗೆದು ಬೆಳಕು ಬಿಟ್ಟರು. ಬಟ್ಟಲು ಹೊಳೆಯಿತು. ಅವರ ಕಣ್ಣಲ್ಲಿ ನೀರು ಬಂತು. ಹಲ್ಲಿ ಹುಡುಕುತ್ತಿದ್ದಾರೆಂದು ತಿಳಿದು ಜೈನಬಿ ಪೊರಕೆ ತಂದರು.

ಆಗ ಕಾಕಾ ಬಾಯಿ ಬಿಟ್ಟು ಕೇಳಿಯೇ ಬಿಟ್ಟರು. ಜೈನಬಿಯ ಮುಖ ಸಣ್ಣದಾಯಿತು. ನಿಮ್ಮ ಬಟ್ಟಲು ಇಟ್ಟುಕೊಂಡು ಆರು ದಿನವಾಯಿತು, ನನ್ನದೇ ತಪ್ಪು ಎಂದು ಕೆನ್ನೆ ತಟ್ಟಿಕೊಂಡು ಒಲೆಯ ಕಡೆ ತಿರುಗಿದರು. ಒಲೆಯ ಮೇಲೆ ಖೀರು ಕುದಿಯುತ್ತಿತ್ತು.

"ಖಾಲೀನೇ ಕೊಡ್ರಿ ಜೈನಬಿ, ನಿಮ್ಮ ಕಾಲ ಬೀಳ್ತೀನಿ."

"ಹಡೆದ ಮನೀಯಿಂದ ಖಾಲಿ ಬಟ್ಟಲ ಹ್ಯಾಂಗ ಕಳಸ್ಲಿ ಅಣ್ಣಾ? ಕೂಸಿಗೆ ಛಲೋ ಆಗಂಗಿಲ್ಲ."

ಕೂಸಿನ ಹೆಸರು ಎತ್ತಿದ ಮೇಲೆ ಕಾಕಾನ ಕೈ ಗಾಳಿಯಲ್ಲೇ ನಿಂತಿತು. ಜೈನಬಿ ದೊಡ್ಡ ಸೌಟಿನಿಂದ ಒಂದು ಹಾಕಿದರು, ಎರಡು ಹಾಕಿದರು. ಮೂರನೆಯದಕ್ಕೆ ಟಪ್ ಎಂದಿತು. ಬಟ್ಟಲು ಹೆಚ್ಚಿದ ಮಾವಿನ ಹಣ್ಣಿನಂತೆ ನೀಟಾಗಿ ಎರಡು ಹೋಳಾಯಿತು. ಖೀರು ಕಟ್ಟೆಯಿಂದ ನೆಲಕ್ಕೆ ಹರಿಯಿತು.

ಜೈನಬಿ ಅಳುವಂತಾದರು. ಕಾಕಾ ಹೋಳುಗಳನ್ನು ಆರಿಸಿಕೊಳ್ಳುತ್ತ, "ಬಿಡ್ರಿ, ಸಂತ್ಯಾಗ ತಂದಿದ್ದ ಹಗರ ಗಾಜು" ಎಂದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಎರಡು ಹೋಳು ಅವರ ಕರವಸ್ತ್ರದಲ್ಲಿದ್ದವು. ಜೈನಬಿಯವರು ಬದಲಿಗೆಂದು ಕೊಟ್ಟ ಪ್ಲಾಸ್ಟಿಕ್ ಡಬ್ಬಿ, ತುಂಬಾ ಖೀರು, ನನ್ನ ಕೈಯಲ್ಲಿತ್ತು.

ಗುಲಾಮ್ ರಸೂಲ್ ನಮಾಜ್ ಮುಗಿಸಿ ಬಾಗಿಲಲ್ಲೇ ಕುಳಿತಿದ್ದರು. ಕಾಕಾ ಕರವಸ್ತ್ರ ಬಿಚ್ಚಿ ಅವರ ಮುಂದಿಟ್ಟು, ಭಜ್ಜಿಯಿಂದ ಖೀರಿನವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದರು. ಗುಲಾಮ್ ರಸೂಲ್ ಹೋಳುಗಳನ್ನು ಕೂಡಿಸಿ ನೋಡಿದರು, ಬಿಟ್ಟರು.

"ಅಮ್ಮೀ ಹೈದರಾಬಾದಿನಿಂದ ಆರು ತಂದಿದ್ಳು. ಐದು ಹಿಂಗೇ ಹೋದವು. ಒಮ್ಮೆ ಹುಗ್ಗಿ, ಒಮ್ಮೆ ಖೀರು, ಒಮ್ಮೆ ಯಾರದೋ ಮದುವಿ ಸಾರು."

"ಇದೊಂದನ್ನ ಭಾಳ ಜೋಪಾನ ಮಾಡಿದ್ರೇನ್ರಿ ಚಾಚಾ?" ಎಂದು ಕಾಕಾ ಕೇಳಿದರು.

"ಜೋಪಾನ ಎಲ್ಲೀದು? ಬಾಜೂ ಮನಿಯವ್ರ ಜೋಡಿ ಜಗಳ ಆತು. ನಲವತ್ತ ವರ್ಷ ಮಾತಿಲ್ಲ, ಕತಿಯಿಲ್ಲ. ಬಟ್ಟಲಾ ಪಾಪ ಎಲ್ಲಿಗೆ ಹೋಗಬೇಕು? ಹಂಗಾಗಿ ಉಳೀತು."

ಮರಳುವ ಬಸ್ಸು ಹುಮನಾಬಾದಿಗೆ ಬಂದಾಗ ಕಾಕಾ, ಕಪಾಟಿನಲ್ಲಿರುವ ಆ ಹನ್ನೊಂದು ಯಾರ ಯಾರ ಜಗಳದವೋ ಏನೋ ಎಂದರು. ಮನೆಗೆ ಬಂದು ಕೀಲಿಯನ್ನು ನನ್ನ ಕೈಗೆ ಕೊಟ್ಟು ಮಲಗಿದರು.

ನಾಳೆ ಬೆಳಿಗ್ಗೆ ನಾನು ಹನ್ನೊಂದನ್ನೂ ತೊಳೆದು ಒರೆಸುತ್ತೇನೆ. ಜೈನಬಿಯವರು ಊರಿಗೆ ಬಂದ ದಿನ ಒಂದರಲ್ಲಿ ಶೇಂಗಾ ಉಂಡಿ ಹಾಕಿ ಕೊಟ್ಟು ಬರುತ್ತೇನೆ.