ದ್ವಾದಶಿಯ ರಕ್ತ

ಮದ್ರಾಸಿನ ವಡಪಳನಿಯ ವಿಷ್ಣುತೀರ್ಥಾಚಾರ್ಯರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಅಂದರೆ, ವರ್ಷದಲ್ಲಿ ನಾಲ್ಕು ದಿನ ಇರಲಿಲ್ಲ. ರಕ್ತಪರೀಕ್ಷೆಗೆ ಅವರು ಹೋಗುತ್ತಿದ್ದುದು ಆ ನಾಲ್ಕು ದಿನಗಳಲ್ಲೇ.

ಎರಡು ವರ್ಷದ ಹಿಂದೆ ಡಾಕ್ಟರು, "ಸಕ್ಕರೆ ಏರಿದೆ. ಸಿಹಿ ಬಿಡಿ, ಸಂಜೆ ಅರ್ಧ ಗಂಟೆ ನಡೆಯಿರಿ, ಮೂರು ತಿಂಗಳಿಗೊಮ್ಮೆ ಬರಿಹೊಟ್ಟೆಯಲ್ಲಿ ರಕ್ತ ಕೊಡಿ. ಇಳಿಯದಿದ್ದರೆ ಮಾತ್ರೆ" ಎಂದಿದ್ದರು. ಆಚಾರ್ಯರು ವಿಮಾ ಕಂಪನಿಯವರು. ಷರತ್ತುಗಳ ನಡುವಿನ ಸಂದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಬರಿಹೊಟ್ಟೆ ತಾನೆ? ಏಕಾದಶಿಯ ಹೊಟ್ಟೆಗಿಂತ ಬರಿದಾದದ್ದು ಈ ಭೂಮಂಡಲದಲ್ಲಿ ಉಂಟೆ? ಅಂದಿನಿಂದ ಪಂಚಾಂಗ ನೋಡಿಯೇ ಲ್ಯಾಬಿಗೆ ಹೋಗತೊಡಗಿದರು. ಏಕಾದಶಿಯಿಡೀ ನೀರು ಕುಡಿದು, ದ್ವಾದಶಿ ಬೆಳಿಗ್ಗೆ ಪಾರಣೆಗೆ ಮುಂಚೆ ತೋಳು ಚಾಚಿದರೆ, ಬರುವ ರಿಪೋರ್ಟು ಸಾಕ್ಷಾತ್ ಋಷಿಯದು.

"ಒಂದೇ ಉಪವಾಸಕ್ಕೆ ಎರಡು ಪುಣ್ಯ" ಎಂದು ಹೆಂಡತಿ ಜಯಲಕ್ಷ್ಮಿಗೂ ಹೇಳಿದ್ದರು. ಆಕೆ ಮೆಚ್ಚಿಕೊಂಡಿದ್ದರು ಕೂಡ.

ಸಂಜೆಯ ನಡಿಗೆಯೂ ತಪ್ಪಿರಲಿಲ್ಲ. ಬಿಳಿ ಬೂಟು ಬಿಗಿದು ದೇವಸ್ಥಾನದ ಕೊಳವನ್ನು ಒಂದು ಸುತ್ತು ಸುತ್ತಿ, ಎದುರಿಗಿದ್ದ ಕುಂದಾಪುರದ ಕೃಷ್ಣರಾಜನ ಹೋಟೆಲಿನಲ್ಲಿ ಕುಳಿತು ಕಾಶಿ ಹಲ್ವಾ ತಿನ್ನುತ್ತಿದ್ದರು. (ಕಾಶಿ ಹಲ್ವಾ ಬೂದುಗುಂಬಳದ್ದು. ಬೂದುಗುಂಬಳ ಕೋಯಂಬೇಡಿನ ಮಾರುಕಟ್ಟೆಯಿಂದ ಬರುತ್ತದೆ. ಕೋಯಂಬೇಡಿನಿಂದ ಬಂದದ್ದು ತರಕಾರಿ. ತರಕಾರಿ ತಿನ್ನಿ ಎಂದು ಡಾಕ್ಟರೇ ಹೇಳಿದ್ದಾರೆ.)

ಜಯಲಕ್ಷ್ಮಿಗೆ ಮಾತ್ರ ಈಚೆಗೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ.

"ಏನ್ರೀ, ರಿಪೋರ್ಟು ನೋಡಿದ್ರೆ ಋಷಿ. ನೀವು ನೋಡಿದ್ರೆ ಬಿಂದಿಗೆಗಟ್ಲೆ ನೀರು ಕುಡೀತೀರಿ. ಅಂಗಾಲು ಉರಿ ಬೇರೆ ಅಂತೀರಿ."

"ಅದು ಮದ್ರಾಸಿನ ವೆಯಿಲು ಕಣೇ, ಬಿಸಿಲಿನ ಝಳ."

"ಮಾರ್ಗಳಿ ತಿಂಗಳ ಚಳಿಯಲ್ಲಿ ಎಂಥಾ ವೆಯಿಲು?"

ಮಗಳು ಅಕ್ಷಯಾ ಮೊಬೈಲಿನಿಂದ ತಲೆಯೆತ್ತದೆ ಹೇಳಿದಳು: "ಅಮ್ಮಾ, ಫುಲ್ ಚೆಕಪ್ ಆಫರ್ ಇರ್ಕು. ನಿಮ್ಮಿಬ್ಬರಿಗೂ ಬುಕ್ ಮಾಡ್ಲಾ? ಮನೆಗೇ ಬಂದು ಬ್ಲಡ್ ತಗೋತಾರೆ."

"ಧಾರಾಳವಾಗಿ ಮಾಡು" ಎಂದರು ಆಚಾರ್ಯರು, ಕಣ್ಣು ಪಂಚಾಂಗದ ಮೇಲೆ. "ಶುಕ್ರವಾರ ದ್ವಾದಶಿ, ಶುಭದಿನ. ಜಯಾ, ರಿಪೋರ್ಟು ಸರಿ ಇದ್ರೆ ಯುಗಾದಿ ತನಕ ನನ್ನ ತಟ್ಟೆ ಕಡೆ ನೀನು ಕಣ್ಣು ಹಾಯಿಸಬಾರದು."

"ಸರಿ ಇಲ್ದಿದ್ರೆ?"

"ನೀನು ಹೇಳಿದ ಹಾಗೆ ಕೇಳ್ತೀನಿ. ರಾಯರಾಣೆ!"

ಯಾರೂ ಕೇಳದೆಯೇ ಆಣೆಯಿಟ್ಟ ಮಹಾನುಭಾವರು ಅವರು.

ಶುಕ್ರವಾರ ಸಂಜೆ ರಿಪೋರ್ಟು ಮೊಬೈಲಿಗೆ ಬಂತು. ಆಚಾರ್ಯರು ಅದನ್ನು ಮಂಗಳಾಷ್ಟಕದ ಧಾಟಿಯಲ್ಲಿ ಓದಿದರು: "ಬರಿಹೊಟ್ಟೆ ಸಕ್ಕರೆ, ನೂರಾ ಆರು! ಕೇಳಿಸ್ತಾ? ಹೋಳಿಗೆಗೆ ಬೇಳೆ ಬೇಯಕ್ಕೆ ಹಾಕು!"

"ಅಪ್ಪಾ, ಇನ್ನೂ ಕೆಳಗೆ ನೋಡು. ಎಚ್‌ಬಿಎ1ಸಿ, ಎಂಟು ಪಾಯಿಂಟ್ ಒಂಬತ್ತು."

"ಅದೇನೋ ಸಣ್ಣ ನಂಬರು. ಇರಲಿ ಬಿಡು ಪಾಪ."

"ಆರೂವರೆ ಆದ್ರೇನೇ ಶುಗರ್ ಅಪ್ಪಾ! ಇದು ಮೂಣು ಮಾಸ ಆವರೇಜ್, ಮೂರು ತಿಂಗಳದ್ದು. ನಿನ್ನೆ ಒಂದಿನ ಉಪವಾಸ ಇದ್ರೆ ಇದು ಏಮಾರಾದು, ಮೋಸಹೋಗಲ್ಲ."

ತಿಂದ ಸಕ್ಕರೆ ರಕ್ತದ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತದಂತೆ. ಆ ಕಣ ಬದುಕಿರುವ ಮೂರು ತಿಂಗಳೂ ಬಿಡುವುದಿಲ್ಲವಂತೆ. ಆಚಾರ್ಯರಿಗೆ ಕೃಷ್ಣರಾಜನ ಹಲ್ವಾ ನೆನಪಾಯಿತು. ಸೋಪು ಹಾಕಿ ತೊಳೆದರೂ ಬೆರಳು ಬಿಡದ ಪದಾರ್ಥ, ರಕ್ತವನ್ನು ಬಿಟ್ಟೀತೆ?

"ಮೂರು ತಿಂಗಳಲ್ಲಿ ಆರು ಏಕಾದಶಿ ಮಾಡಿದೀನಲ್ಲೇ!" ಎಂದರು ಕ್ಷೀಣ ದನಿಯಲ್ಲಿ.

"ಮಿಕ್ಕ ಎಂಬತ್ನಾಲ್ಕು ದಿನ?" ಎಂದರು ಜಯಲಕ್ಷ್ಮಿ. ಆಕೆಯ ನಂಬರು ಐದು ಪಾಯಿಂಟ್ ಎರಡು.

ಮರುದಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕಾಲು ಮುಟ್ಟಿ ನೋಡಿ, ಇನ್ನು ಸ್ವಲ್ಪ ತಡವಾಗಿದ್ದರೆ ನರಗಳು ಕೈಕೊಡುತ್ತಿದ್ದವು ಎಂದರು. ಜಯಲಕ್ಷ್ಮಿ ದಾರಿಯಲ್ಲಿ ಎರಡು ಸಲ ಕಣ್ಣು ಒರೆಸಿಕೊಂಡರು. ಬೈದಿದ್ದರೆ ಆಚಾರ್ಯರಿಗೆ ಎಷ್ಟೋ ವಾಸಿಯಿತ್ತು.

ಸಂಜೆ ಅವರು ಬೂಟು ಕಟ್ಟುವಾಗ ಆಕೆಯೂ ಚಪ್ಪಲಿ ಮೆಟ್ಟಿದರು. "ನಾನೂ ಬರ್ತೀನಿ. ಈ ವಾಕಿಂಗು ಎಲ್ಲಿಗೆ ಹೋಗತ್ತೆ ಅಂತ ನೋಡೋಣ."

ಕೊಳದ ಬಳಿ ಬರುತ್ತಲೇ ಕೃಷ್ಣರಾಜ ಗಲ್ಲಾದಿಂದಲೇ ಕೂಗಿದ: "ಬನ್ನಿ ಆಚಾರ್ರೇ! ಎಂಥ ಮಾರಾಯ್ರೆ, ನಿನ್ನೆ ಕಾಣಲೇ ಇಲ್ಲ? ನಿಮ್ಮ ಹಲ್ವಾ ತೆಗೆದಿಟ್ಟಿದ್ದೇನೆ. ದಿನದ ಹಾಗೇ, ತುಪ್ಪ ಜಾಸ್ತಿ!"

ಆಚಾರ್ಯರು ಗೋಪುರದ ಕಡೆ ನೋಡಿದರು. ಅಲ್ಲಿಂದ ಯಾರೂ ಇಳಿದು ಬರಲಿಲ್ಲ.

ಜಯಲಕ್ಷ್ಮಿ ಸಾವಕಾಶವಾಗಿ ಒಳಗೆ ಹೋಗಿ, ಕಿಟಕಿ ಪಕ್ಕದ ಕುರ್ಚಿ ಎಳೆದು ಕುಳಿತರು. "ತೆಗೆದಿಟ್ಟದ್ದು ಹಾಳಾಗಬಾರದು. ನನಗೆ ಕೊಡಿ. ಏನ್ರೀ, ಡಾಕ್ಟ್ರು ಎಷ್ಟು ಹೊತ್ತು ನಡೀಬೇಕು ಅಂದ್ರು?"

"ಅರ್ಧ ಗಂಟೆ."

"ಹಾಗಾದ್ರೆ ಕೊಳ ಸುತ್ತಿ ಬನ್ನಿ. ರಾಯರಾಣೆ ನೆನಪಿದೆ ತಾನೆ?"

ಆಚಾರ್ಯರು ಸುತ್ತಿದರು. ಮೊದಲನೆಯ ಸುತ್ತಿಗೆ ಕಿಟಕಿಯಲ್ಲಿ ಹಲ್ವಾ ಹೊಳೆಯುತ್ತಿತ್ತು. ಎರಡನೆಯದಕ್ಕೆ ತಟ್ಟೆ ಬರಿದು. ಮೂರನೆಯದಕ್ಕೆ ಆಕೆ ಬೆರಳು ನೆಕ್ಕುತ್ತ ಕೃಷ್ಣರಾಜನಿಗೆ ಏನೋ ಹೇಳುತ್ತಿದ್ದರು. ನಾಲ್ಕನೆಯದಕ್ಕೆ ಇನ್ನೊಂದು ತಟ್ಟೆ ಬಂದಿತ್ತು.

ದಿನಾ ಒಂದೇ ಸುತ್ತಿಗೆ ಮಾಯವಾಗುತ್ತಿದ್ದ ಮನುಷ್ಯ ಇಂದು ಬೆವರಿಳಿಸಿಕೊಂಡು ಸುತ್ತುವುದನ್ನು ಕಂಡು, ಮೆಟ್ಟಿಲಲ್ಲಿ ಕುಳಿತ ಹೂವಿನವಳು ಭಕ್ತಿಯಿಂದ ಕೈಮುಗಿದಳು.

"ಎನ್ನ ವೇಂಡುದಲ್ ಸಾಮಿ?" ಏನು ಹರಕೆ ಎಂದು ಕೇಳಿದಳು.

"ಮೂಣು ಮಾಸದ್ದಮ್ಮಾ" ಎಂದು ಆಚಾರ್ಯರು ನಿಲ್ಲದೆ ಮುಂದೆ ನಡೆದರು.