ನಿದ್ದೆ ಮೇಷ್ಟ್ರು ಹಾರುರೈಲು ಹತ್ತಿದ್ದು

ಮಕ್ಕಳನ್ನು ಮಲಗಿಸುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಹುಟ್ಟಿಲ್ಲ, ಇನ್ನು ಮುಂದೆ ಹುಟ್ಟಿದರೂ ಅವರನ್ನು ತೊಟ್ಟಿಲಲ್ಲಿ ಮಲಗಿಸುವವನು ತಾನೇ ಎಂಬುದು ಹಿಟ್ಟಿನ ಗಿರಣಿಯ ಯಜಮಾನರ ದೃಢವಾದ ನಂಬಿಕೆ. ಬೀದಿಯವರೂ ಅದಕ್ಕೆ ಎದುರಾಡಿರಲಿಲ್ಲ. ಎದುರಾಡುವುದಿರಲಿ, ಅವರಿಗೆ ‘ನಿದ್ದೆ ಮೇಷ್ಟ್ರು’ ಎಂದು ಬಿರುದು ಕೊಟ್ಟು ಕೂರಿಸಿದ್ದರು.

ಗಿರಣಿಗೆ ಅಂಟಿಕೊಂಡಂತೆ ಒಂದು ಸಣ್ಣ ಹಜಾರ. ಮಧ್ಯಾಹ್ನವಾದರೆ ಸಾಕು, ಬೀದಿಯ ತಾಯಂದಿರು ಒಂದು ಕಂಕುಳಲ್ಲಿ ಕಾಳಿನ ಡಬ್ಬ, ಇನ್ನೊಂದು ಕಂಕುಳಲ್ಲಿ ಕಿರುಚುವ ಕೂಸು ಇಟ್ಟುಕೊಂಡು ಬರುತ್ತಿದ್ದರು. ಡಬ್ಬ ಕೆಲಸದಾಳಿನ ಕೈಗೆ, ಕೂಸು ಮೇಷ್ಟ್ರ ಕೈಗೆ. ಅತ್ತ ಗಿರಣಿ ಗಡಗಡ ಎಂದು ಶುರುವಾದರೆ ಇತ್ತ ಮೇಷ್ಟ್ರು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ತಾವೇ ಕಟ್ಟಿದ ಜೋಗುಳ ಎತ್ತಿಕೊಳ್ಳುತ್ತಿದ್ದರು: “ಕಣ್ಣೇ ಕಣ್ಣೇ ಮುಚ್ಚಿಕೋ, ರೆಪ್ಪೆಯ ಚಿಲಕ ಹಾಕಿಕೋ!” ಎರಡನೆಯ ಸಾಲು ಮುಗಿಯುವುದರೊಳಗೆ ಕೂಸು ಗೊರಕೆ. ಹಿಟ್ಟು ಸಿದ್ಧವಾದಾಗ ತಾಯಿ ಎರಡನ್ನೂ ಎತ್ತಿಕೊಂಡು ಹೋಗುವುದು.

ವಾರದ ರಜೆಯ ದಿನ ಮಾತ್ರ ಮೇಷ್ಟ್ರು ಹಾಡುತ್ತಿರಲಿಲ್ಲ. “ಗಿರಣಿಗೊಂದು ರಜ, ಗಂಟಲಿಗೊಂದು ರಜ” ಎನ್ನುತ್ತಿದ್ದರು. ಅವತ್ತು ಮಧ್ಯಾಹ್ನ ಬೀದಿ ತುಂಬ ಮಕ್ಕಳ ರೋದನ. ಮೇಷ್ಟ್ರು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಆ ರೋದನವನ್ನು ಸಂಗೀತ ಕಚೇರಿ ಕೇಳಿದ ಹಾಗೆ ಕೇಳುತ್ತಿದ್ದರು. “ನೋಡಿದ್ಯಾ? ನಾನು ಒಂದು ದಿನ ಬಾಯಿ ಮುಚ್ಚಿದ್ರೆ ಊರಿಗೆ ಊರೇ ಬಾಯಿ ತೆರೀತದೆ!”

“ಬಾಕಿ ದಿನ ನೀವು ಬಾಯಿ ತೆರೆದು ನಾನು ಕಿವಿ ಮುಚ್ಕೋತೀನಲ್ಲ, ಅದನ್ನೂ ಲೆಕ್ಕಕ್ಕೆ ಹಿಡೀರಿ” ಎನ್ನುವುದು ಅವರ ಹೆಂಡತಿಯ ಉತ್ತರ. (ಆಕೆಯ ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ.)

ಈ ಕೀರ್ತಿಯ ಬಿಸಿ ತಟ್ಟುತ್ತಿದ್ದುದು ಮಗಳಿಗೆ. ಅವಳ ಗಂಡನದು ಅದೇ ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ. ಅಂಗಡಿಯ ಮೇಲೆ ಮನೆ. ಅವರ ಎರಡು ವರ್ಷದ ಮಗಳಿಗೆ ಬುಗುರಿ ಎಂದು ಅಡ್ಡಹೆಸರು, ನಿಂತಲ್ಲಿ ನಿಂತವಳಲ್ಲ. ಹಗಲು ತಾತನ ಹಜಾರದಲ್ಲಿ ಕಲ್ಲಿನಂತೆ ಮಲಗುವ ಬುಗುರಿ, ರಾತ್ರಿ ತಾಯಿಯ ಮಗ್ಗುಲಲ್ಲಿ ಗಿರಗಿರ ತಿರುಗುತ್ತಿದ್ದಳು. ಬೆಳಗ್ಗೆ ಕಣ್ಣು ಕೆಂಪಾಗಿಸಿಕೊಂಡು ಬಂದ ಮಗಳಿಗೆ ಮೇಷ್ಟ್ರು, “ಕೈಗುಣ ಬೇಕಮ್ಮಾ, ಕೈಗುಣ. ಎಲ್ಲರಿಗೂ ಬರೋದಲ್ಲ ಅದು” ಎಂದು ಸಂತಾಪ ಸೂಚಿಸುತ್ತಿದ್ದರು. ಮಗಳು ಒಂದೊಂದು ದಿನ ತನ್ನ ಅಂಗೈಯನ್ನು ತಾನೇ ತಿರುವಿ ನೋಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಬೀದಿಗೆಲ್ಲ ರಜೆಯಿದ್ದ ಒಂದು ದಿನ ಮನೆಮಂದಿಯೆಲ್ಲ ಊರಾಚೆಯ ವಿನೋದವನಕ್ಕೆ ಹೊರಟರು. ಆಸೆ ಮಗಳದು. ಬುಗುರಿ ಹುಟ್ಟಿದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತು ತಣ್ಣಗೆ ಒಂದು ತುತ್ತು ತಿಂದಿರಲಿಲ್ಲ. ಅಲ್ಲೊಂದು ಕೊಳ, ಅದರಲ್ಲಿ ಇಬ್ಬರೇ ಕೂರುವ ದೋಣಿ, ದಡದಲ್ಲಿ ಒಂದು ಊಟದ ಮನೆ ಇದೆಯೆಂದು ಅವಳು ಯಾರಿಂದಲೋ ಕೇಳಿದ್ದಳು.

“ಆದ್ರೆ ಅಪ್ಪಾ, ಮಧ್ಯಾಹ್ನ ಇವಳು ಮಲಗ್ಲೇಬೇಕು. ಇಲ್ದಿದ್ರೆ ಸಂಜೆ ಹೊತ್ತಿಗೆ ಮನುಷ್ಯಳಾಗಿರಲ್ಲ. ಅತ್ತಳು ಅಂದ್ರೆ ನಾವು ಅರ್ಧ ತುತ್ತಿಗೆ ಎದ್ದು ಬರ್ಬೇಕು.”

“ಯಾರ ಮುಂದೆ ಏನು ಮಾತಾಡ್ತಿದ್ದೀಯಾ ನೀನು?” ಮೇಷ್ಟ್ರು ಮೀಸೆ ತಿರುವಿದರು. “ನೀವಿಬ್ರೂ ಹೋಗಿ, ದೋಣೀಲಿ ಕೂತು ಹಗಲುಗನಸು ಕಾಣಿ. ನಿದ್ದೆ ನನ್ನ ಇಲಾಖೆ. ಇವಳು ಮಲಗಲಿಲ್ಲ ಅಂದ್ರೆ ಇವತ್ತಿಗೇ ಜೋಗುಳ ನಿಲ್ಲಿಸಿಬಿಡ್ತೀನಿ.”

“ಬೀದಿಯವರ ಪುಣ್ಯ ಇದ್ರೆ ಮಗು ಎಚ್ಚರವಾಗಿರಲಿ” ಎಂದರು ಹೆಂಡತಿ.

ಮಗಳು ಅಳಿಯ ಕೈ ಕೈ ಹಿಡಿದು ಕೊಳದ ಕಡೆ ಹೋದರು. ಅಳಿಯ ಹೋಗುತ್ತಾ ತಿರುಗಿ ನೋಡಿದ ರೀತಿ, ಜಾಮೀನಿನ ಮೇಲೆ ಹೊರಗೆ ಬಂದವನ ಹಾಗಿತ್ತು.

ಮೇಷ್ಟ್ರು ಕಾರ್ಯರಂಗಕ್ಕೆ ಇಳಿದರು. ಬಗಲಲ್ಲಿ ಸುರುಳಿ ಚಾಪೆ, ಹೆಗಲಲ್ಲಿ ದಿಂಬಿನ ಚೀಲ, ಸೊಂಟದ ಮೇಲೆ ಬುಗುರಿ. “ನಿದ್ರಾಪ್ರದಾನಕ್ಕೆ ಮೊದಲು ಬೇಕಾದದ್ದು ಏಕಾಂತ” ಎಂದು ಘೋಷಿಸಿ, ಜನಸಂಚಾರವಿಲ್ಲದ ಒಂದು ಹುಲ್ಲುಹಾಸು ಹುಡುಕಿದರು. ತಂಪು ನೆರಳು, ಇರುವೆ ಸೀನಿದರೂ ಕೇಳಿಸುವಷ್ಟು ನಿಶ್ಶಬ್ದ. ಚಾಪೆ ಹಾಸಿ, ಮಗುವನ್ನು ಮಲಗಿಸಿ, ಕಣ್ಣು ಮುಚ್ಚಿ, “ಕಣ್ಣೇ ಕಣ್ಣೇ” ಎಂದು ಜೋಗುಳ ಎತ್ತಿಕೊಂಡರು.

ಮರದಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಬುಗುರಿ ಎದ್ದು ಕೂತು ತಾತನ ಬಾಯೊಳಗೆ ಇಣುಕಿ ನೋಡಿದಳು. ಅಲ್ಲಿಯವರೆಗೂ ಗಿರಣಿಯ ಗದ್ದಲದಲ್ಲಿ ಮುಚ್ಚಿಹೋಗಿದ್ದ ಆ ಕಂಠವನ್ನು ಅವಳು ಬರಿಗಿವಿಯಲ್ಲಿ ಕೇಳಿದ್ದು ಅದೇ ಮೊದಲು.

“ತಾತಾ, ಯಾಕೆ ಅಳ್ತಿದೀಯಾ?”

ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡರು. ಮೇಷ್ಟ್ರು ಸರಸರನೆ ಚಾಪೆ ಸುತ್ತಿದರು. “ಜಾಗ ಸರಿಯಿಲ್ಲ. ಬೆಳಕು ಜಾಸ್ತಿ.”

ವಿನೋದವನದ ಮಧ್ಯದಲ್ಲಿ ಕೂಸುಗಳಿಗೆಂದೇ ಒಂದು ಕೋಣೆಯಿತ್ತು. ಒಳಗೆ ನೀಲಿ ಪರದೆ, ಮಂದ ದೀಪ, ಸಣ್ಣ ಸಣ್ಣ ಮಂಚಗಳಲ್ಲಿ ಪರರ ಮಕ್ಕಳು ತಣ್ಣಗೆ ನಿದ್ರಿಸುತ್ತಿದ್ದವು. ಬಾಗಿಲಲ್ಲಿದ್ದ ದಾದಿ ತುಟಿಯ ಮೇಲೆ ಬೆರಳಿಟ್ಟು ಒಳಗೆ ಬಿಟ್ಟಳು. ಇಂಥ ಸುಸಜ್ಜಿತ ರಂಗಮಂಟಪ ಸಿಕ್ಕಮೇಲೆ ಕಲಾವಿದನಾದವನು ಸುಮ್ಮನಿರುವುದುಂಟೆ? ಮೇಷ್ಟ್ರು ಬುಗುರಿಯನ್ನು ಒಂದು ಮಂಚದಲ್ಲಿ ಮಲಗಿಸಿ ರೆಪ್ಪೆಯ ಚಿಲಕದವರೆಗೆ ಹೋದರು, ಅಷ್ಟೆ. ಮೊದಲು ಮೂಲೆಯ ಕೂಸು ಬೆಚ್ಚಿ ಕಿರುಚಿತು. ಅದರ ಕಿರುಚಿಗೆ ಪಕ್ಕದ್ದು, ಪಕ್ಕದ್ದಕ್ಕೆ ಅದರಾಚೆಯದು. ಬುಗುರಿ ಮಂಚದ ಮೇಲೆ ನಿಂತು ಚಪ್ಪಾಳೆ ಹೊಡೆದಳು.

“ಯಜಮಾನರೇ, ದನಿ ತಗ್ಗಿಸಿ!” ಎಂದು ದಾದಿ ಓಡಿ ಬಂದಳು.

“ತಗ್ಗಿಸಿದ್ದೇ ಇದು! ಎತ್ತಿದ್ರೆ ಪರದೆ ಕಿತ್ತು ಬರ್ತದೆ!”

“ನೀವು ಮೊದಲು ಹೊರಗೆ ಬನ್ನಿ.”

ಹೊರಗೆ ಬಂದ ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಗಿತ್ತು. ಒಳಗಿನ ಮಕ್ಕಳ ತಾಯಂದಿರು ಅವರನ್ನು ನೋಡಿದ ನೋಟದಲ್ಲಿ ಕಾಳು ಹಾಕಿದ್ದರೆ ಗಿರಣಿಯೇ ಬೇಕಿರಲಿಲ್ಲ, ಹಿಟ್ಟಾಗಿಹೋಗುತ್ತಿತ್ತು.

“ಈಗ ಎಲ್ಲಿಗೆ, ಮಹಾವಿದ್ವಾಂಸರೇ?” ಎಂದರು ಹೆಂಡತಿ, ಮಂಡಿ ನೀವಿಕೊಳ್ಳುತ್ತಾ.

“ಕತ್ತಲಲ್ಲಿ ತೇಲಿಸ್ಬೇಕು ಇವಳನ್ನ.”

ಕತ್ತಲಲ್ಲಿ ತೇಲಿಸಲು ಬೊಂಬೆಗುಹೆ ಎಂಬುದಿತ್ತು. ದೋಣಿ ಸದ್ದಿಲ್ಲದೆ ಕಪ್ಪು ನೀರಿನ ಮೇಲೆ ಜಾರುತ್ತದೆ, ಎರಡೂ ಪಕ್ಕದಲ್ಲಿ ಬೊಂಬೆಗಳು ಕೈ ಬೀಸುತ್ತವೆ. ಬುಗುರಿ ಸಭ್ಯ ಮನೆತನದ ಕೂಸು. ಕೈ ಬೀಸಿದ ಪ್ರತಿಯೊಂದು ಬೊಂಬೆಗೂ ತಿರುಗಿ ಕೈ ಬೀಸಿದಳು. ದೋಣಿ ದಡ ಮುಟ್ಟಿದಾಗ “ಇನ್ನೊಂಚಲ!” ಎಂದಳು. ಮತ್ತೊಮ್ಮೆ ಹೋದರು. “ಇನ್ನೊಂಚಲ!” ಆಮೇಲಾಮೇಲೆ ಬೊಂಬೆಗಳ ಕೈಯೇ ಸೋತಂತೆ ಕಂಡಿತು. ಮೇಷ್ಟ್ರಿಗೆ ಆಕಳಿಕೆಯ ಮೇಲೆ ಆಕಳಿಕೆ. ಬುಗುರಿಯ ಕಣ್ಣು ಮಾತ್ರ ಬೆಳಗಿನ ತಾರೆ.

ಕೊನೆಗೆ ಮೇಷ್ಟ್ರು ಕೈ ಚೆಲ್ಲಿದರು. ಬಿಸಿಲು ನೆತ್ತಿಯ ಮೇಲೆ. ಬುಗುರಿಯ ಕೆಳತುಟಿ ಆಗಲೇ ಮುಂದಕ್ಕೆ ಬಂದಿತ್ತು. ಅದು ಪ್ರಳಯದ ಮುನ್ಸೂಚನೆ. ಎಲ್ಲೆಲ್ಲೂ ಆಸನಗಳು ಭರ್ತಿ. ಖಾಲಿಯಿದ್ದದ್ದು ಒಂದೇ, ಹಾರುರೈಲಿನ ಬುಡದಲ್ಲಿ. ಅಲ್ಲಿ ಯಾರೂ ಯಾಕೆ ಕೂರುತ್ತಿರಲಿಲ್ಲ ಎಂಬುದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ತಲೆಯ ಮೇಲೆ ಕಬ್ಬಿಣದ ಹಳಿಯಲ್ಲಿ ರೈಲು ಗುಡುಗಿಕೊಂಡು ಹತ್ತುತ್ತದೆ, ಇಳಿಯುತ್ತದೆ, ತಲೆಕೆಳಗಾಗುತ್ತದೆ. ಬೆನ್ನ ಹಿಂದೆ ಯಂತ್ರದ ಶೆಡ್ಡು ಗಡಗಡ ಎನ್ನುತ್ತದೆ. ಕಲ್ಲುಬೆಂಚು ಅಂಗಾಲಿನಿಂದ ಹಲ್ಲಿನವರೆಗೆ ನಡುಗಿಸುತ್ತದೆ.

“ನನ್ನ ಕೈಲಿ ಇನ್ನೊಂದು ಹೆಜ್ಜೆ ಆಗಲ್ಲ” ಎಂದು ಹೆಂಡತಿ ಅಲ್ಲೇ ಕೂತು ಮಗುವನ್ನು ತೊಡೆಗೆ ಹಾಕಿಕೊಂಡರು.

“ಇಲ್ಲಿ ಹೆಣವೂ ಎದ್ದು ಕೂರುತ್ತೆ, ಮಗು ಮಲಗುತ್ತಾ?” ಎಂದು ಗೊಣಗುತ್ತಾ ಮೇಷ್ಟ್ರು ನೀರಿನ ಬಾಟಲಿ ಎತ್ತಿದರು. ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ತಿರುಗಿ ನೋಡಿದರೆ ಬುಗುರಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು!

“ನಾನಿನ್ನೂ ಹಾಡೇ ಇಲ್ಲ…” ಎಂದರು ಮೇಷ್ಟ್ರು, ಅಪಮಾನವಾದವರಂತೆ.

ಅಷ್ಟರಲ್ಲಿ ರೈಲು ನಿಂತಿತು. ಶೆಡ್ಡು ತಣ್ಣಗಾಯಿತು. ಬುಗುರಿಯ ರೆಪ್ಪೆ ಅದುರಿ, ಒಂದು ಕಣ್ಣು ತೆರೆಯಿತು. ಮೇಷ್ಟ್ರು ಲಗುಬಗೆಯಿಂದ ಬಗ್ಗಿ “ಕಣ್ಣೇ ಕಣ್ಣೇ” ಎಂದರು. ಇನ್ನೊಂದು ಕಣ್ಣೂ ತೆರೆಯಿತು. ಬಾಯಿ ತೆರೆಯಲು ಸಿದ್ಧವಾಯಿತು. ಆಗ ರೈಲು ಮತ್ತೆ ಗುಡುಗಿತು, ಶೆಡ್ಡು ನಡುಗಿತು. ಎರಡೂ ಕಣ್ಣುಗಳು ಜೋಡಿ ಬಾಗಿಲಿನಂತೆ ಮುಚ್ಚಿಕೊಂಡವು.

ಹೆಂಡತಿ ಮೊದಲು ಶೆಡ್ಡಿನ ಕಡೆ ನೋಡಿದರು. ಆಮೇಲೆ ನಡುಗುವ ಬೆಂಚಿನ ಕಡೆ. ಆಮೇಲೆ ನಿಧಾನವಾಗಿ, ಬಲು ನಿಧಾನವಾಗಿ, ಗಂಡನ ಕಡೆ.

“ರೀ… ಗಿರಣಿ!”

“ಏನು ಗಿರಣಿ?”

“ಇಷ್ಟು ವರ್ಷ ಮಕ್ಕಳನ್ನ ಮಲಗಿಸ್ತಿದ್ದದ್ದು ಗಿರಣಿ ಕಣ್ರೀ! ಪಾಪ, ನಿಮ್ಮ ಹಾಡು ಕೇಳಿಸ್ಕೊಂಡೂ ಮಲಗ್ತಿದ್ವಲ್ಲಾ ಕೂಸುಗಳು!” ಆಕೆ ನಗತೊಡಗಿದರು. ಮಗು ಅಲುಗಬಾರದೆಂದು ಹೊಟ್ಟೆ ಬಿಗಿಹಿಡಿದು ನಕ್ಕರು. ಕಣ್ಣಲ್ಲಿ ನೀರು ಬಂತು.

ಮೇಷ್ಟ್ರಿಗೆ ಕಾಲಡಿಯ ಭೂಮಿ ಕುಸಿದಂತಾಯಿತು. ರಜೆಯ ದಿನದ ಬೀದಿಯ ರೋದನವೆಲ್ಲ ಬೇರೆಯೇ ಅರ್ಥದಲ್ಲಿ ಕಿವಿಗೆ ಬಂದು ಹೊಡೆಯಿತು. “ಮಗಳಿಗೆ ಮಾತ್ರ ಹೇಳ್ಬೇಡ ಮಾರಾಯ್ತಿ. ನಿನ್ನ ಮಂಡಿಗೆ ದಿನಾ ಎಣ್ಣೆ ತಿಕ್ಕಿಕೊಡ್ತೀನಿ” ಎಂದು ಕೈ ಮುಗಿದರು.

ಆಕೆ ಉತ್ತರ ಕೊಡುವ ಮೊದಲೇ ರೈಲು ಮತ್ತೆ ನಿಂತಿತು. ಈ ಸಲ ಇಳಿಯುವವರು ಇಳಿದರು, ಹತ್ತುವವರು ಒಬ್ಬರೂ ಇಲ್ಲ. ಎಲ್ಲರೂ ಊಟದ ಮನೆಗಳತ್ತ ಹೊರಟಿದ್ದರು. ಬುಗುರಿ ಮುಲುಗಿದಳು. ಮೇಷ್ಟ್ರು ಮೆಟ್ಟಿಲ ಹತ್ತಿರಕ್ಕೆ ಓಡಿದರು. ರೈಲು ನಡೆಸುವ ಹುಡುಗಿ ಸ್ಟೂಲಿನ ಮೇಲೆ ಕೂತು ಉಗುರು ನೋಡಿಕೊಳ್ಳುತ್ತಿದ್ದಳು.

“ತಾಯೀ, ರೈಲು ಬಿಡಮ್ಮ!”

“ಹತ್ತೋರಿಲ್ಲ ತಾತ.”

“ಖಾಲಿ ಓಡಿಸು.”

“ಖಾಲಿ ಓಡಿಸಿದ್ರೆ ಮೇಲಿನವರು ನನ್ನನ್ನ ಓಡಿಸ್ತಾರೆ. ಒಬ್ಬರಾದ್ರೂ ಕೂತಿರ್ಬೇಕು.”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಮಂಡಿ ತೋರಿಸಿದರು, ತೊಡೆಯ ಮೇಲಿನ ಮಗುವನ್ನು ತೋರಿಸಿದರು, ಕೊನೆಗೆ ಗಂಡನನ್ನೇ ತೋರಿಸಿದರು. ಇಲ್ಲಿ ಒಂದು ಗುಟ್ಟು ಹೇಳಬೇಕು. ಮನೆಯಲ್ಲಿ ದೀಪದ ಬಲ್ಬು ಬದಲಾಯಿಸಬೇಕಾದರೆ ಆ ಸವೆದ ಮಂಡಿಯಲ್ಲೂ ಸ್ಟೂಲು ಹತ್ತುವುದು ಹೆಂಡತಿ. ಮೇಷ್ಟ್ರು ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚಿಕೊಳ್ಳುವುದು. ಆದರೆ ದೂರದಲ್ಲಿ, ಕೊಳದ ದಡದ ಊಟದ ಮನೆಯಲ್ಲಿ, ಮಗಳ ಹಳದಿ ಸೆರಗು ಕಂಡಿತು. ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಬುಗುರಿ ಕಿರುಚಲು ಉಸಿರು ಎಳೆದುಕೊಂಡಳು.

ಮೇಷ್ಟ್ರು ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಯುದ್ಧಕ್ಕೆ ಹೊರಟವರಂತೆ ರೈಲು ಹತ್ತಿದರು.

ಮುಂದಿನದನ್ನು ವರ್ಣಿಸಲು ಮಾತು ಸಾಲದು. ರೈಲು ಏರುವಾಗ ಮೇಷ್ಟ್ರು ಕುಲದ ಹಿರಿಯರನ್ನೆಲ್ಲ ನೆನೆದರು. ಇಳಿಯುವಾಗ ಅವರಲ್ಲಿ ಕೆಲವರು ಕಣ್ಣಿಗೇ ಕಂಡರು. ಕರುಳು ಬಾಯಿಗೆ ಬಂತು, ಬಾಯಿ ಕಿವಿಗೆ ಹೋಯಿತು. ಸುತ್ತು ಮುಗಿದು ರೈಲು ನಿಂತಾಗ ಹುಡುಗಿ ಕೇಳಿದಳು, “ಇಳೀತೀರಾ ತಾತ?” ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಬುಗುರಿ ಹೊರಳಿದಳು. “ಬಿ… ಬಿಡಮ್ಮ” ಎಂದರು. ಹುಡುಗಿ ಬಿಟ್ಟಳು, ಮೇಷ್ಟ್ರು ಹೀಗೆ ಹೋದರು, ಹೀಗೆ ಬಂದರು, ಅವಳು ಮತ್ತೆ ಬಿಟ್ಟಳು.

ಮಗಳು ಅಳಿಯ ತೃಪ್ತಿಯಾಗಿ ಉಂಡು, ದೋಣಿಯಲ್ಲಿ ತೇಲಿ, ನಿಧಾನವಾಗಿ ನಡೆದು ಬಂದಾಗ ಬುಗುರಿ ಅಜ್ಜಿಯ ತೊಡೆಯ ಮೇಲೆ ಬೆವರುತ್ತಾ ಮಲಗಿದ್ದಳು.

“ಅಯ್ಯೋ, ಇಂಥ ಗಲಾಟೇಲಿ ಮಲಗಿದ್ದಾಳಾ! ಅಪ್ಪ ಎಲ್ಲಮ್ಮ?”

ಹೆಂಡತಿ ಆಕಾಶದ ಕಡೆ ಬೆರಳು ತೋರಿಸಿದರು. ಅಲ್ಲಿ ಖಾಲಿ ರೈಲಿನ ಮುಂದಿನ ಸಾಲಿನಲ್ಲಿ ಒಂದೇ ಒಂದು ಬೋಳುತಲೆ ತಲೆಕೆಳಗಾಗಿ ಹಾಯುತ್ತಾ “ಅಯ್ಯಯ್ಯಯ್ಯೋ!” ಎನ್ನುತ್ತಿತ್ತು.

“ಜೋಗುಳ ಹಾಡ್ತಿದ್ದಾರೆ” ಎಂದರು ಆಕೆ.

ಮಗು ತಾನಾಗಿ ಎದ್ದ ಮೇಲೆಯೇ ಮೇಷ್ಟ್ರು ಇಳಿದದ್ದು. ಇಳಿದದ್ದಲ್ಲ, ಅಳಿಯ ಇಳಿಸಿದ್ದು. ಅಷ್ಟು ಹೊತ್ತಿಗೆ ಹೆಂಡತಿ ಮಗಳಿಗೆ ಗಿರಣಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿಯಾಗಿತ್ತು. (ಮಂಡಿಗೆ ಎಣ್ಣೆ ತಿಕ್ಕುವ ಮಾತನ್ನು ಆಕೆ ಒಪ್ಪಿಯೇ ಇರಲಿಲ್ಲವಲ್ಲ.) ಮಗಳು ತನ್ನ ಅಂಗೈ ತಿರುವಿ ನೋಡಿಕೊಂಡಳು.

“ಹಾಗಾದ್ರೆ ಅಪ್ಪಾ, ನನ್ನ ಕೈ ಸರಿಯಾಗೇ ಇದೆ?”

ಮೇಷ್ಟ್ರು ಅಲ್ಲಗಳೆಯಲು ಬಾಯಿ ತೆರೆದರು. ಬರೀ ಗಾಳಿ ಬಂತು. ಗಂಟಲು ಹಾರುರೈಲಿನಲ್ಲೇ ಉಳಿದಿತ್ತು. ಮಗಳ ಮುಖ ನೋಡಿದರು. ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದರು.

ಸುದ್ದಿ ಬೀದಿಗೆ ಅವರಿಗಿಂತ ಮೊದಲೇ ತಲುಪಿತ್ತೋ ಏನೋ. ಮರುದಿನ ಮಧ್ಯಾಹ್ನ ತಾಯಂದಿರು ಎಂದಿನಂತೆ ಬಂದರು, ಡಬ್ಬ ಕೊಟ್ಟರು, ಕೂಸುಗಳನ್ನು ತಾವೇ ಚಾಪೆಯ ಮೇಲೆ ಮಲಗಿಸಿದರು, “ನೀವು ಕೂತ್ಕೊಳ್ಳಿ ಮೇಷ್ಟ್ರೇ, ಸುಮ್ನೆ ಯಾಕೆ ತೊಂದರೆ” ಎಂದರು. ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಅಷ್ಟರಲ್ಲಿ ಮಗಳು ಬುಗುರಿಯನ್ನು ಎತ್ತಿಕೊಂಡು ಬಂದಳು. ಅಪ್ಪನ ಸಪ್ಪೆ ಮುಖ ನೋಡಿದಳು. ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ, ಕಿವಿಯ ಹತ್ತಿರ ಬಗ್ಗಿ ಪ್ರೀತಿಯಿಂದ ಹೇಳಿದಳು:

“ನೀನು ಹಾಡಪ್ಪಾ. ಧಾರಾಳವಾಗಿ ಹಾಡು. ಗಿರಣಿ ಓಡ್ತಿದ್ಯಲ್ಲ, ಯಾರಿಗೂ ಕೇಳಿಸಲ್ಲ.”